ಇನ್ನೊಬ್ಬರ ಸಾಲಕ್ಕೆ ನಿಮ್ಮ ಹೆಬ್ಬೆಟ್ಟು ಬೇಡ

ಕೇರಳದ ಗಡಿಯಲ್ಲಿರುವ ಮಂಜೇಶ್ವರ ತಾಲೂಕಿನ ಒಂದು ಊರು. ಮೈಕ್ರೋಫೈನಾನ್ಸ್ (ಕಿರುಸಾಲ) ಕಂಪನಿಯಿಂದ ಸಾಲ ಪಡೆದ ಐದು ಹೆಂಗಸರ ಗುಂಪು. ಬೀಡಿ ಕಟ್ಟುವವರು, ಅಡಿಕೆ ಸುಲಿಯಲು ಹೋಗುವವರು. ತಲಾ 30,000 ರೂಪಾಯಿ, ವಾರಕ್ಕೆ 700ರಂತೆ 50 ಕಂತು. "ನಿಮಗೆ ಈಗ ದುಡ್ಡಿನ ಅಗತ್ಯ ಇಲ್ವಲ್ಲ ಅಕ್ಕ, ನಿಮ್ಮ ಹೆಸರಲ್ಲಿ ತೆಗೆದುಕೊಡಿ, ಕಂತು ನಾನೇ ಕಟ್ತೇನೆ" ಎಂದು ಲೀಡರ್ ಇಬ್ಬರನ್ನು ಒಪ್ಪಿಸಿದಳು. ಅವರು ಆಧಾರ್ ಕೊಟ್ಟರು, ಹೆಬ್ಬೆಟ್ಟು ಒತ್ತಿದರು, ಖಾತೆಗೆ ಬಂದ ಹಣವನ್ನು ಅದೇ ಸಂಜೆ ನಗದಾಗಿ ಅವಳ ಕೈಗಿಟ್ಟರು. ಒಂದು ಚೀಟಿಯೂ ಬರೆಸಿಕೊಳ್ಳಲಿಲ್ಲ. 11 ಕಂತು ಸರಿಯಾಗಿ ಬಂತು. 12ನೇ ವಾರ ಲೀಡರ್ ಮನೆಗೆ ಬೀಗ.

ಕಂಪನಿಯ ಲೆಕ್ಕದಲ್ಲಿ ಲೀಡರ್ ಸಾಲ ಒಂದೇ. ಉಳಿದೆರಡು ಹೆಬ್ಬೆಟ್ಟು ಒತ್ತಿದವರದ್ದು: ಒಬ್ಬೊಬ್ಬರ ತಲೆಯ ಮೇಲೆ ಇನ್ನೂ 39 ಕಂತು, 27,300 ರೂಪಾಯಿ. ಅವರ ಕೈಲಾಗಲಿಲ್ಲ. ಗುಂಪಿನ ಜಾಮೀನು, ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು ಎಂದು, ಏನೂ ತಪ್ಪು ಮಾಡದ ಮತ್ತಿಬ್ಬರು ವಾರಕ್ಕೆ 700ರ ಬದಲು 1,750 ತುಂಬಬೇಕಾಯಿತು. ಅದಕ್ಕೆ ಇನ್ನೊಂದು ಕಂಪನಿಯ ಸಾಲ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಎರಡನೇ ಸಾಲ ಸಿಗುವುದು ಹೇಗೆ ಎಂದರೆ, ಫಾರ್ಮಿನಲ್ಲಿ ಆದಾಯ ಏರಿಸಿ ಬರೆಯುತ್ತಾರೆ. ಸಹಿ ಹಾಕುವ ಮುಂಚೆ ಆ ಒಂದು ಅಂಕಿ ನೋಡಿ.

ಬಡ್ಡಿಯ ಮಾತೂ ಹಾಗೆಯೇ. 30,000ಕ್ಕೆ 5,000 ಬಡ್ಡಿ, "ನೂರಕ್ಕೆ 17 ಅಷ್ಟೇ" ಅನ್ನುತ್ತಾರೆ. ಆದರೆ ಅಸಲು ವಾರವಾರ ಕರಗುತ್ತದಲ್ಲ, ಹಾಗಾಗಿ ನಿಜವಾದ ವಾರ್ಷಿಕ ದರ ಸುಮಾರು 32. ಪ್ರೊಸೆಸಿಂಗ್ ಫೀ, ವಿಮೆ ಎಂದು ಮೊದಲೇ ಮುರಿದು 29,000 ಮಾತ್ರ ಕೈಗೆ ಕೊಟ್ಟರೆ ಅದು 40ರ ಹತ್ತಿರ ಹೋಗುತ್ತದೆ. ಸಾಲದ ಜೊತೆ ಮಿಕ್ಸಿ, ಮೊಬೈಲ್ ತಗೊಳ್ಳಲೇಬೇಕು ಎಂದರೆ ಸುಳ್ಳು; ಅದು ನಿಮ್ಮಿಷ್ಟ.

ನಮ್ಮ ಕಡೆ ಇನ್ನೊಂದು ತೊಡಕು, ಕಾಗದ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಸಾಲದ ವಿವರ ಬರೆದ ಲೋನ್ ಕಾರ್ಡ್ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂಬುದು ರಿಸರ್ವ್ ಬ್ಯಾಂಕಿನದೇ ನಿಯಮ. ಕನ್ನಡದ್ದು ಕೇಳಿ, ನಾಚಿಕೆ ಬೇಡ. ಕಟ್ಟಿದ ಪ್ರತಿ ಕಂತಿಗೂ ರಶೀದಿ ಬೇಕು. ಲೀಡರ್ ಕೈಯಲ್ಲಿ ಕಳಿಸಿದ ದುಡ್ಡಿಗೆ ಲೆಕ್ಕವಿಲ್ಲ.

ಟಿವಿಯಲ್ಲಿ ನೋಡಿ ಸಾಲ ಮನ್ನಾ ಆಯಿತೆಂದು ಕಂತು ನಿಲ್ಲಿಸಬೇಡಿ. 2025ರಲ್ಲಿ ಕರ್ನಾಟಕ ತಂದ ಕಿರುಸಾಲ ಕಾನೂನು ತಲಪಾಡಿ ಗಡಿ ದಾಟಿ ಈಚೆ ಕೇರಳಕ್ಕೆ ಬರುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ ಮಾತ್ರ ಎರಡೂ ಕಡೆ ಒಂದೇ: ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ, ನೆಂಟರನ್ನು ಪೀಡಿಸುವಂತಿಲ್ಲ. ನಿಗದಿಯಾದ ಜಾಗಕ್ಕೆ ಸತತ ಎರಡು ಸಲ ನೀವು ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು.

ಈಗಾಗಲೇ ಇನ್ನೊಬ್ಬರ ಸಾಲಕ್ಕೆ ಹೆಸರು ಕೊಟ್ಟಿದ್ದರೆ, ಹಣ ಪಡೆದಾಕೆ ಊರಲ್ಲಿರುವಾಗಲೇ ಪಡೆದ ಮೊತ್ತ, ದಿನಾಂಕ ಬರೆಸಿ ಸಾಕ್ಷಿಗಳ ಎದುರು ಸಹಿ ಹಾಕಿಸಿಕೊಳ್ಳಿ. ಮುಂದಿನ ಕಂತನ್ನು ನಗದಾಗಿ ಬೇಡ, ನಿಮ್ಮ ಖಾತೆಗೇ ಹಾಕಲಿ. ಪಾಸ್‌ಬುಕ್ಕಿನಲ್ಲಿ ಗುರುತು ಉಳಿಯುತ್ತದೆ. ಓಡಿಹೋದರೆ ಪೊಲೀಸರಿಗೆ ತೋರಿಸಲು ಇರುವುದು ಇವೆರಡೇ. ಕಂಪನಿಯ ಕಿರುಕುಳವಿದ್ದರೆ ಮೊದಲು ಅವರಿಗೇ ಲಿಖಿತ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಣಾಧಿಕಾರಿ ಒಂಬುಡ್ಸ್‌ಮನ್‌ಗೆ ದೂರಬಹುದು, ಮಾಹಿತಿಗೆ ಫೋನ್ 14448.