ಎರಡು ಸಮಾಧಿ, ಒಂದು ಕರ್ಚೀಫು

ಯೆರೂಸಲೇಮಿನಲ್ಲಿ ಯೇಸುವಿನ ಸಮಾಧಿ ಎಂದು ತೋರಿಸುವ ಜಾಗ ಎರಡಿವೆ. ಹಳೇ ಪಟ್ಟಣದ ಗೋಡೆಯೊಳಗೆ ಪವಿತ್ರ ಸಮಾಧಿ ದೇವಾಲಯ. ದಮಸ್ಕದ ಬಾಗಿಲು ದಾಟಿ ಉತ್ತರಕ್ಕೆ ಸ್ವಲ್ಪ ನಡೆದರೆ ತೋಟದ ಸಮಾಧಿ. ನಮ್ಮದು ಮಂಗಳೂರಿನ ಪ್ರೊಟೆಸ್ಟೆಂಟ್ ಮನೆ, ಹೆಂಡತಿ ಕಡೆಯವರು ಕೆಥೊಲಿಕರು. ಹಾಗಾಗಿ ದೇವಾಲಯ ಅತ್ತೆಗೆ, ತೋಟ ನನಗೆ ಎಂದು ವಿಮಾನ ಹತ್ತುವ ಮೊದಲೇ ಪಾಲಾಗಿತ್ತು. ಎರಡನ್ನೂ ಒಂದೇ ದಿನ ನೋಡಿದೆವು.

ಬೆಳಿಗ್ಗೆ ತೋಟ. ಮರದ ನೆರಳು, ಬೆಂಚು, ಮೆಲುದನಿ. 1867ರಲ್ಲಿ ಬೆಳಕಿಗೆ ಬಂದ ಬಂಡೆಗೋರಿ ಇದು. 1883ರಲ್ಲಿ ಬ್ರಿಟಿಷ್ ಜನರಲ್ ಗಾರ್ಡನ್ ಪಕ್ಕದ ಗುಡ್ಡದಲ್ಲಿ ತಲೆಬುರುಡೆಯ ಆಕಾರ ಕಂಡು, ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಇದೇ ಎಂದ. ಆ ಗುಡ್ಡದ ಬುಡದಲ್ಲಿ ಈಗ ಬಸ್ ನಿಲ್ದಾಣ. ಹೆಬ್ಬೆರಳಷ್ಟೇ ದೊಡ್ಡ ಆಲಿವ್ ಮರದ ಬಟ್ಟಲಲ್ಲಿ ಕರ್ತನ ಭೋಜನದ (ಯೇಸುವಿನ ಕಡೇ ಊಟದ ನೆನಪಿನ) ದ್ರಾಕ್ಷಾರಸ ತೆಗೆದುಕೊಂಡಾಗ ನನಗೆ ಕಣ್ಣು ತುಂಬಿತು. ಅತ್ತೆ ತೇರ್ಸ್ (ಜಪಮಾಲೆ) ಮಣಿ ಎಣಿಸುತ್ತಾ ಬೆಂಚಿನಲ್ಲೇ ಕೂತಿದ್ದರು. ವಿವರಿಸುವವರು ಪ್ರಾಮಾಣಿಕರು: ಜಾಗ ಇದೇ ಎಂದು ಹಟ ಹಿಡಿಯುವುದಿಲ್ಲ, ಸಮಾಧಿ ಬರಿದು ಎಂಬುದಷ್ಟೇ ಮುಖ್ಯ ಎಂದರು. ಹಟ ಹಿಡಿಯುವುದು ಕಷ್ಟವೂ ಹೌದು. ಪುರಾತತ್ತ್ವಜ್ಞ ಗೇಬ್ರಿಯಲ್ ಬಾರ್ಕೈ ಲೆಕ್ಕದಲ್ಲಿ ಈ ಗೋರಿ ಕ್ರಿಸ್ತಪೂರ್ವ 8–7ನೇ ಶತಮಾನದ್ದು. ಬೈಬಲಿನ ಸುವಾರ್ತೆಯಲ್ಲಿ ಯೋಹಾನ ಬರೆದದ್ದೋ ಹೊಸ ಸಮಾಧಿಯ ಬಗ್ಗೆ.

ಮಧ್ಯಾಹ್ನ ದೇವಾಲಯ. ಅಬ್ಬಾ, ಆ ಗಲಾಟೆ! ಆರು ಪಂಗಡದವರು ಹಂಚಿಕೊಂಡ ಮನೆ, ಬಾಗಿಲ ಬೀಗದ ಕೈ ಮಾತ್ರ ಮುಸ್ಲಿಂ ಕುಟುಂಬದ ಹತ್ತಿರ. ಸರಿಸಲು ಎಲ್ಲರ ಒಪ್ಪಿಗೆ ಸಿಗದೆ ಕಿಟಕಿಯ ಕೆಳಗೆ 18ನೇ ಶತಮಾನದಿಂದ ನಿಂತೇ ಇರುವ ಏಣಿ. ಶಿಲುಬೆಗೇರಿಸಿದ್ದು ಊರಾಚೆ, ಇದು ಗೋಡೆಯೊಳಗಿದೆಯಲ್ಲ ಎಂಬುದು ನಮ್ಮ ಕಡೆಯವರ ಮಾಮೂಲು ಪ್ರಶ್ನೆ. ಆಗ ಇದೂ ಊರಾಚೆಯೇ ಇತ್ತು; ಇದನ್ನು ಒಳಗೆ ಹಾಕಿಕೊಂಡ ಗೋಡೆ ಎದ್ದದ್ದು ಆಮೇಲೆ, ಅರಸ ಹೆರೋದ ಅಗ್ರಿಪ್ಪನ ಕಾಲದಲ್ಲಿ. 335ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಟ್ಟಿಸಿದ ದೇವಾಲಯದ ಪ್ರತಿಷ್ಠೆಯಾಯಿತು, 1009ರಲ್ಲಿ ಖಲೀಫ ಹಾಕಿಮ್ ಕೆಡವಿಸಿದ. ಜನ ಮತ್ತೆ ಕಟ್ಟಿದ್ದು ಅದೇ ಜಾಗದಲ್ಲಿ.

ಒಂದು ಗಂಟೆಗೂ ಮೀರಿ ಸಾಲಲ್ಲಿ ನಿಂತು ಗೋರಿಯೊಳಗೆ ಬಗ್ಗಿ ಹೋದರೆ, ಪ್ರಾರ್ಥನೆ ಬಾಯಿಗೆ ಬರುವ ಮುಂಚೆ ಸನ್ಯಾಸಿಯೊಬ್ಬರು ಹೊರಡಿ ಎಂದು ಗದರಿದರು. ನನಗೆ ಭಕ್ತಿಗಿಂತ ಸಿಟ್ಟೇ ಬಂತು.

ಬಾಗಿಲ ಹತ್ತಿರ ಯೇಸುವಿನ ದೇಹಕ್ಕೆ ಸುಗಂಧ ಹಚ್ಚಿದ್ದರೆಂಬ ಕಲ್ಲು. ಅತ್ತೆ ಮೊಣಕಾಲೂರಿ, ಸೊಂಟದಿಂದ ತೀರಿಹೋದ ಮಾವನ ಬಿಳಿ ಕರ್ಚೀಫು ತೆಗೆದು, ಮೂಲೆ ಮೂಲೆ ಬಿಡಿಸಿ, ಎಣ್ಣೆ ಜಿನುಗುವ ಕಲ್ಲಿಗೆ ನಿಧಾನ ಒರೆಸಿದರು. ಈಗಿನ ಕಲ್ಲು ಹಾಕಿದ್ದು 1810ರಲ್ಲಿ ಎಂದು ಓದಿಕೊಂಡೇ ಹೋಗಿದ್ದೆ. ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಕೂತು ಪ್ರಾರ್ಥಿಸಬೇಕೆಂದರೆ ತೋಟಕ್ಕೆ ಹೋಗಿ (ಭಾನುವಾರ ಮುಚ್ಚಿರುತ್ತದೆ). ಜಾಗ ಯಾವುದೆಂದು ಕೇಳಿದರೆ, ನಮ್ಮ ಸಭೆಯವರು ಬೇಜಾರಾದರೂ ಸರಿ, ದೇವಾಲಯವೇ ಎನ್ನುತ್ತೇನೆ. ನೂಕುನುಗ್ಗಲು ಬೇಡದವರು ಬೆಳಗಿನ ಜಾವವೇ ಹೋಗಬೇಕು.

ರಾತ್ರಿ ಹೋಟೆಲಿನಲ್ಲಿ ಅತ್ತೆ ಕರ್ಚೀಫನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿ, "ನಿನ್ನ ತೋಟದಿಂದ ನೀನೇನು ತಂದಿ ಮಾರಾಯಾ?" ಎಂದರು.

ಜೇಬಿನಲ್ಲಿ ಆ ಮರದ ಬಟ್ಟಲು ಇತ್ತು.