ಕಲ್ಯಾಣ ಕರ್ನಾಟಕದ ಸಾದಾ ಬಸ್ಸು: ಬೆನ್ನಿಗೆ ಬ್ಯಾಗ್ ಏರಿಸಿದ ಒಂಟಿ ಹೆಣ್ಣಿಗೆ ಹೇಗಿದೆ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳ್ಳಿ ನೋಡಬೇಕೆಂದು ಒಬ್ಬಳೇ ಹೊರಡುವ ಹೆಣ್ಣುಮಗಳಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ದಿನದ ಲೆಕ್ಕಕ್ಕೆ ಕಾರು ಮಾತಾಡು. ಕಾರು ಊರು ಮುಟ್ಟಿಸುತ್ತದೆ, ಸುಳ್ಳಲ್ಲ. ಆದರೆ ಕಾರಿನಿಂದ ಇಳಿದವಳು ಹಳ್ಳಿಯ ಕಣ್ಣಿಗೆ ಸರ್ವೆಗೆ ಬಂದ ಮೇಡಂ. ಕಟ್ಟೆಯ ಮೇಲಿನ ಗಂಡಸರು ಎದ್ದು ನಿಲ್ಲುತ್ತಾರೆ, ಹೆಂಗಸರು ಬಾಗಿಲ ಮರೆಗೆ ಸರಿಯುತ್ತಾರೆ. ಅದೇ ಹೆಣ್ಣುಮಗಳು ಮೂರು ಮಂದಿಯ ಸೀಟಿನಲ್ಲಿ ನಾಲ್ಕನೆಯವಳಾಗಿ ಒತ್ತಿಕೊಂಡು ಕೂತು ಬಂದರೆ, ಊರು ಬರುವಷ್ಟರಲ್ಲಿ ಯಾರದೋ ಕೂಸು ಆಕೆಯ ತೊಡೆಯ ಮೇಲಿರುತ್ತದೆ. ಗೆಳೆತನ ಬೇಕೆಂದು ಹೊರಟವಳಿಗೆ ಈ ಭಾಗದಲ್ಲಿ ಸಾದಾ ಬಸ್ಸಿಗಿಂತ ಒಳ್ಳೆಯ ಸೇವೆ ಇಲ್ಲ. ಆರಾಮ ಬೇಕೆಂದು ಹೊರಟವಳಿಗೆ ಇದಕ್ಕಿಂತ ಕಷ್ಟದ್ದೂ ಇಲ್ಲ.

ಇಲ್ಲಿ ಓಡುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳು. ಹಿಂದೆ ಈಶಾನ್ಯ ಸಾರಿಗೆ ಅನ್ನುತ್ತಿದ್ದೆವು, 2021ರಲ್ಲಿ ಹೆಸರು ಬದಲಾಯಿತು, ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇದೆ. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಿನ ಒಳಗಿನ ನೋಟವೇ ಬೇರೆ. ತವರಿಗೆ, ದವಾಖಾನೆಗೆ, ಸಂತೆಗೆ, ಗುಡಿಗೆ ಹೊರಟ ಹೆಂಗಸರು ಗುಂಪುಗುಂಪಾಗಿ ಹತ್ತುತ್ತಾರೆ. ಒಬ್ಬಂಟಿ ಹೆಣ್ಣಿಗೆ ಬಸ್ಸಿನಲ್ಲಿ ಹೆಂಗಸರು ತುಂಬಿರುವುದಕ್ಕಿಂತ ದೊಡ್ಡ ಭದ್ರತೆ ಯಾವ ಸಿಸಿಟಿವಿಯಿಂದಲೂ ಸಿಗುವುದಿಲ್ಲ.

ಟಿಕೆಟ್ಟಿನ ವಿಷಯ ಸರಿಯಾಗಿ ತಿಳಿದಿರಲಿ. ಉಚಿತ ಪ್ರಯಾಣ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ರಾಜ್ಯದ ವಿಳಾಸವಿರುವ ಆಧಾರ್ ಅಥವಾ ಸರ್ಕಾರ ಕೊಟ್ಟ ಬೇರೆ ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ದುಡ್ಡಿಲ್ಲದ ಚೀಟಿ ಎಂದು ಎಸೆಯಬೇಡಿ, ತಪಾಸಣೆಯವರು ಹತ್ತಿದರೆ ಅದನ್ನೇ ಕೇಳುತ್ತಾರೆ. ಸಾಮಾನ್ಯ ಮತ್ತು ವೇಗದೂತ ಬಸ್ಸಿಗೆ ಇದು ಸಾಕು. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ನಡೆಯುವುದಿಲ್ಲ. ಈ ಮೂರು ಜಿಲ್ಲೆಗಳಲ್ಲಿ ಎಡವುವುದು ಇನ್ನೊಂದು ಕಡೆ: ಹೈದರಾಬಾದ್‌ಗೋ ಸೊಲ್ಲಾಪುರಕ್ಕೋ ಹೋಗುವ ಅಂತರರಾಜ್ಯ ಬಸ್ಸು ಹತ್ತಿ ಗಡಿಯ ಈಚೆಗೇ ಇಳಿದರೂ ಟಿಕೆಟ್ಟಿಗೆ ದುಡ್ಡು ಕೊಡಲೇಬೇಕು. ಬೋರ್ಡಿನಲ್ಲಿ ಕೊನೆಯ ಊರು ಯಾವುದೆಂದು ನೋಡಿಯೇ ಹತ್ತಿ. ಹೊರರಾಜ್ಯದ ಗೆಳತಿ ಜೊತೆಗಿದ್ದರೆ ಅವಳಿಗೆ ಹತ್ತು, ಇಪ್ಪತ್ತರ ಚಿಲ್ಲರೆ ಇಟ್ಟುಕೊಳ್ಳಲು ಹೇಳಿ. ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದು ಕೊಡುತ್ತಾರೆ. ನಿಮ್ಮ ಊರು ಬರುವ ಒಂದು ಸ್ಟಾಪ್ ಮೊದಲೇ ಅದನ್ನು ಕೇಳಿ, ಇಳಿದ ಮೇಲೆ ನೆನಪಾದರೆ ಬಸ್ಸು ಹೋಗಿಯೇ ಹೋಯಿತು.

ಬ್ಯಾಗ್ ದೊಡ್ಡ ತಲೆನೋವು. ಅರವತ್ತು ಲೀಟರಿನ ಟ್ರೆಕ್ಕಿಂಗ್ ಬ್ಯಾಗಿಗೆ ಇಲ್ಲಿ ಜಾಗವಿಲ್ಲ. ಮೇಲಿನ ಕಂಬಿಯ ಮೇಲೆ ಕೂರುವುದಿಲ್ಲ, ನಡುವಿನ ದಾರಿಯಲ್ಲಿಟ್ಟರೆ ಹತ್ತುವವರೆಲ್ಲ ಎಡವಿ ಬೈಯುತ್ತಾರೆ. ಮೂವತ್ತೈದು, ನಲವತ್ತು ಲೀಟರಿನದಾದರೆ ತೊಡೆಯ ಮೇಲೆ ಅಥವಾ ಡ್ರೈವರ್ ಹಿಂದಿನ ಮೂಲೆಯಲ್ಲಿ ಕೂರುತ್ತದೆ. ಇಂಜಿನ್ ಮೇಲಿನ ಬಾನೆಟ್ ಕಡೆ ಇಟ್ಟರೆ ಒಳಗಿನ ಪವರ್ ಬ್ಯಾಂಕ್, ಚಾಕೊಲೇಟು ಕಾದು ಹೋಗುತ್ತವೆ. ರಶ್ ಇದ್ದಾಗ ಇಲ್ಲಿಯ ರೂಢಿ ಗೊತ್ತಲ್ಲ, ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು. ಟವೆಲ್ ಬಿದ್ದ ಸೀಟಿನಲ್ಲಿ ಕೂತು ಜಗಳ ಕಾಯಬೇಡಿ. ಮಹಿಳೆಯರಿಗೆಂದು ಬರೆದ ಸೀಟುಗಳ ಸಾಲಿನಲ್ಲಿ ನಿಂತುಕೊಳ್ಳಿ, ಯಾರಾದರೂ ಸರಿದು ಜಾಗ ಮಾಡುತ್ತಾರೆ. ಬಿಸಿಲಿನ ಲೆಕ್ಕವೂ ಇರಲಿ: ಬೆಳಗ್ಗೆ ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರಿಗೆ ಹೊರಟರೆ ಬಸ್ಸು ಉತ್ತರಕ್ಕೆ ಓಡುತ್ತದೆ, ಬಲಗಡೆ ಕೂತವರಿಗೆ ಬಿಸಿಲು. ಮಧ್ಯಾಹ್ನದ ಮೇಲೆ ಎಡಗಡೆಯವರಿಗೆ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಕಡೆ ಇದು ಸಣ್ಣ ಮಾತಲ್ಲ. ಎರಡು ಲೀಟರ್ ನೀರು ಬೇಕೇ ಬೇಕು.

ಇನ್ನು ಗೆಳೆತನ ಹೇಗೆ ಹುಟ್ಟುತ್ತದೆ ಅನ್ನುವುದು. ಬಸ್ಸಿನಲ್ಲಿ ಅದಕ್ಕೊಂದು ಕ್ರಮವಿದೆ. ನಿಂತ ಹೆಂಗಸಿನ ಕೈಯಲ್ಲಿ ಕೂಸಿದ್ದರೆ, ಕುಂತವರು ಕೇಳಿ ಇಸಿದುಕೊಳ್ಳಬೇಕು. "ಕೂಸಿನ ಇತ್ತ ಕೊಡ್ರಿ ಅಕ್ಕಾ" ಅಂದರೆ ಅರ್ಧ ಕೆಲಸ ಮುಗಿಯಿತು. ಕೂಸಿಲ್ಲದಿದ್ದರೆ ಕೈಚೀಲ. ಆಮೇಲೆ ಪ್ರಶ್ನೆಗಳು ಬರುತ್ತವೆ, ಹೆಚ್ಚುಕಡಿಮೆ ಇದೇ ಸರದಿಯಲ್ಲಿ: "ಯಾವೂರವ್ವಾ ನಿಂದು?", "ಒಬ್ಬಾಕಿನೇ ಬಂದಿಯೇನು?", "ಲಗ್ನ ಆಗ್ಯಾದೇನು?" ಪಟ್ಟಣದಿಂದ ಬಂದವರಿಗೆ ಇದು ತನಿಖೆಯಂತೆ ಕೇಳಬಹುದು. ಕೇಳುವವಳಿಗೆ ಬೇಕಿರುವುದು ನಿಮ್ಮನ್ನು ಎಲ್ಲಿಗೆ ಸೇರಿಸಿಕೊಳ್ಳಬೇಕು ಅನ್ನುವ ಗುರುತು ಅಷ್ಟೇ. ತಂದೆತಾಯಿಯ ಊರು, ಮಾಡುವ ಕೆಲಸ, ಈ ಕಡೆ ಏನು ನೋಡಲು ಬಂದಿರಿ, ಇಷ್ಟು ಹೇಳಿ ತಿರುಗಿ ಅವೇ ಪ್ರಶ್ನೆ ಅವರಿಗೂ ಹಾಕಿ. ಎಷ್ಟು ಎಕರೆ ತೊಗರಿ ಬಿತ್ತೀರಿ, ಈ ಸಲ ಮಳೆ ಹೆಂಗ ಅಂತ ಕೇಳಿದರೆ ಜೇವರ್ಗಿಯಿಂದ ಶಹಾಪುರದವರೆಗೂ ಮಾತಿಗೆ ಬರವಿಲ್ಲ.

ಕೆಲವರು ಕೊರಳಿಗೆ ಸುಳ್ಳು ತಾಳಿ ಹಾಕಿಕೊಂಡು ಹೋಗಿ ಎಂದು ಉಪದೇಶ ಮಾಡುತ್ತಾರೆ. ಈ ಭಾಗಕ್ಕೆ ಅದು ದಡ್ಡ ಸಲಹೆ. ಗಂಡ ಇದ್ದಾನೆ ಅಂದ ಕೂಡಲೇ ಅವನ ಊರು, ಅಡ್ಡಹೆಸರು, ಯಾರ ಮನೆತನ ಅನ್ನುವ ಪ್ರಶ್ನೆ ಬರುತ್ತದೆ. ನೀವು ಬಾಯಿಗೆ ಬಂದ ಊರು ಹೇಳಿದರೆ ಪಕ್ಕದವಳ ಚಿಕ್ಕಮ್ಮನನ್ನು ಅದೇ ಊರಿಗೆ ಕೊಟ್ಟಿರುತ್ತಾರೆ! ಮದುವೆ ಆಗಿಲ್ಲ ಅನ್ನುವುದೇ ಲೇಸು. ಹೆಚ್ಚೆಂದರೆ ಒಂದು ವರನ ಪ್ರಸ್ತಾಪ ಬರುತ್ತದೆ, ನಕ್ಕು ಬಿಡಬಹುದು. ಎಲ್ಲಿ ಉಳಿದುಕೊಂಡಿದ್ದೀರಿ ಅನ್ನುವುದನ್ನು ಮಾತ್ರ ಹಿಂದಿನ ಸೀಟಿಗೂ ಕೇಳುವ ಹಾಗೆ ಹೇಳಬೇಡಿ.

"ಮನಿಗಿ ಬಾರವ್ವಾ" ಅನ್ನುವುದನ್ನು ತೂಗಿ ನೋಡಲು ಬರಬೇಕು. ಇಳಿಯುವಾಗ ಒಂದು ಸಲ ಅಂದರೆ ಅದು ಮರ್ಯಾದೆಯ ಮಾತು, "ಬರ್ತೀನ್ರಿ" ಅಂದು ಬಿಟ್ಟರೆ ಸಾಕು. ಯಾವ ಓಣಿ, ಯಾವ ಗುಡಿಯ ಹಿಂದೆ ಎಂದು ಗುರುತು ಹೇಳಿ, ಊಟಕ್ಕೆ ಖಾರ ನಡೆಯುತ್ತದೋ ಇಲ್ಲವೋ ಎಂದು ಕೇಳಿದರೆ ಕರೆ ನಿಜ. ಹೋಗುವುದಾದರೆ ಹಗಲಲ್ಲಿ, ಮನೆಯಲ್ಲಿ ಹೆಂಗಸರಿರುವ ಹೊತ್ತಲ್ಲಿ ಹೋಗಿ. ಅರ್ಧ ಕಿಲೋ ಪೇಢಾ ಅಥವಾ ಒಂದು ಡಜನ್ ಬಾಳೆಹಣ್ಣು ಒಯ್ಯಿರಿ. ತಟ್ಟೆಗೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಬೀಳುತ್ತವೆ. ಎರಡನೆಯ ರೊಟ್ಟಿ ಬೇಡವೆಂದರೂ ಬರುತ್ತದೆ, ಮೊದಲನೆಯದನ್ನು ನಿಧಾನ ತಿನ್ನುವುದೇ ಉಪಾಯ. ಊಟಕ್ಕೆ ದುಡ್ಡು ಕೊಡಲು ಹೋದರೆ ಮುನಿಸಿಕೊಳ್ಳುತ್ತಾರೆ. ಹೊರಡುವಾಗ ಮನೆಯ ಸಣ್ಣ ಕೂಸಿನ ಕೈಯಲ್ಲಿ ನೂರು ರೂಪಾಯಿ ಇಟ್ಟರೆ ಯಾರಿಗೂ ಬೇಸರವಿಲ್ಲ. ಅರಿಶಿನ ಕುಂಕುಮದ ಜೊತೆ ಕುಬಸದ ಕಣ, ಅಂದರೆ ರವಿಕೆ ಬಟ್ಟೆ, ಕೊಟ್ಟರೆ ಬೇಡ ಅನ್ನಬೇಡಿ.

ಹಳ್ಳಿ ಬಸ್ಸಿನ ಹೊತ್ತು ಗೊತ್ತು ಮಾಡಿಕೊಳ್ಳುವುದು ಬೇರೆಯೇ ವಿದ್ಯೆ, ಹೊಸಬರು ಹೆಚ್ಚು ಸಿಕ್ಕಿಬೀಳುವುದು ಇಲ್ಲೇ. ಮೊಬೈಲಿನ ನಕ್ಷೆ ನಂಬಬೇಡಿ. ತಾಲೂಕು ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಒಮ್ಮೆ, ಹಳ್ಳಿಗೆ ಇಳಿದ ಕೂಡಲೇ ಸ್ಟಾಪಿನ ಪಕ್ಕದ ಚಹಾದಂಗಡಿಯಲ್ಲಿ ಇನ್ನೊಮ್ಮೆ ಕೇಳಿ. ಎರಡೂ ಹೊಂದಿದರೆ ನಂಬಿ. "ಲಾಸ್ಟ್ ಬಸ್ ಎಷ್ಟಕ್ಕ ಅದರಿ?" ಎಂದು ಕೇಳಿ ಸುಮ್ಮನಾಗದೆ, ಅದಕ್ಕಿಂತ ಮೊದಲಿನದು ಯಾವಾಗ ಎಂದೂ ಕೇಳಿ, ಆ ಮೊದಲಿನದನ್ನೇ ನಿಮ್ಮ ಕೊನೆಯ ಬಸ್ಸು ಅಂದುಕೊಳ್ಳಿ. ಬಹಳ ಹಳ್ಳಿಗಳ ಟ್ರಿಪ್ಪುಗಳು ಶಾಲೆ ಕಾಲೇಜಿನ ಹೊತ್ತಿಗೆ ಹೊಂದಿಸಿದವು, ಹಾಗಾಗಿ ರಜೆಯ ದಿನ ಒಂದೆರಡು ಕಡಿಮೆಯಾದರೆ ಆಶ್ಚರ್ಯವಿಲ್ಲ.

ಸಂಜೆ ಹೊರಡುವ ವಸ್ತಿ ಬಸ್ಸಿನ ಬಗ್ಗೆ ಎರಡು ಮಾತು. ಅದು ರಾತ್ರಿ ಹಳ್ಳಿಯಲ್ಲೇ ನಿಂತು ನಸುಕಿನಲ್ಲಿ ತಿರುಗಿ ಬರುತ್ತದೆ. ಉಳಿಯುವ ಮನೆ ಗೊತ್ತಿಲ್ಲದೆ ಅದನ್ನು ಹತ್ತಿದರೆ ರಾತ್ರಿ ವಾಪಸ್ ಬರಲು ದಾರಿಯಿಲ್ಲ. ಮನೆ ಗೊತ್ತಿದ್ದರೆ ಮಾತ್ರ ಅದರಷ್ಟು ಒಳ್ಳೆಯ ಬಸ್ಸಿಲ್ಲ. ಒಳಗಿದ್ದವರೆಲ್ಲ ಒಂದೇ ಊರಿನವರು, ಇಳಿಯುವ ಮೊದಲೇ ನೀವು ಯಾರ ಮನೆಯ ಬೀಗರೆಂದು ಇಡೀ ಬಸ್ಸಿಗೆ ತಿಳಿದಿರುತ್ತದೆ.

ವೇಗದೂತ ಬಸ್ಸುಗಳು ಊರೊಳಗೆ ಹೋಗದೆ ಕ್ರಾಸಿನಲ್ಲಿ ಇಳಿಸುತ್ತವೆ. ಅಲ್ಲಿಂದ ಮಂದಿ ತುಂಬಿಸಿಕೊಂಡು ಓಡುವ ಟಂಟಂ ಆಟೊ ಅಥವಾ ಕ್ರೂಸರ್ ಜೀಪು. ಒಳಗೆ ಹೆಂಗಸರಿದ್ದರೆ ಹತ್ತಿ, ಕತ್ತಲಾದ ಮೇಲೆ ಖಾಲಿ ಗಾಡಿ ಹತ್ತಬೇಡಿ. ತೊಂದರೆಯಾದರೆ 112, ಮಹಿಳಾ ಸಹಾಯವಾಣಿ 181. ಹೆಸರು ನೋಡಿ ಮೋಸ ಹೋಗುವ ಜಾಗವೂ ಒಂದಿದೆ: ಗಾಣಗಾಪುರ ರೋಡ್ ಎಂಬ ರೈಲು ನಿಲ್ದಾಣದಿಂದ ದತ್ತನ ಗಾಣಗಾಪುರ ಸುಮಾರು ಇಪ್ಪತ್ತು ಕಿಲೋಮೀಟರು. ನಡೆದು ಹೋಗುವ ದೂರವಲ್ಲ. ಕಲಬುರಗಿಯಿಂದ ನೇರ ಬಸ್ಸೇ ಸರಿ, ಗುರುವಾರ ಮತ್ತು ಹುಣ್ಣಿಮೆಗೆ ಮಾತ್ರ ಕಾಲಿಡಲು ಜಾಗವಿರುವುದಿಲ್ಲ.

ಮಾರ್ಗಗಳಲ್ಲಿ ಯಾದಗಿರಿ ಕಡೆಯದಕ್ಕೆ ಮೊದಲ ಅಂಕ. ಶಹಾಪುರದ ಮಲಗಿದ ಬುದ್ಧನ ಗುಡ್ಡ, ಸುರಪುರದಲ್ಲಿ ನಾಯಕರ ಅರಮನೆ ಮತ್ತು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ, ಮುಂದೆ ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರ, ಎಲ್ಲವೂ ಒಂದೇ ಎಳೆಯಲ್ಲಿ ಸಿಗುತ್ತವೆ. ಸಂತೆ ಮುಗಿಸಿದ ಹೆಂಗಸರ ಜೊತೆ ದಾರಿ ಸಾಗುತ್ತದೆ. ಸೇಡಂ ದಾರಿಯ ಮಳಖೇಡ ಅರ್ಧ ದಿನಕ್ಕೆ ಸಾಕು, ರಾಷ್ಟ್ರಕೂಟರ ರಾಜಧಾನಿ ಅಂತ ದೊಡ್ಡ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ, ಕಾಗಿಣಾ ದಂಡೆಯ ಹಾಳು ಕೋಟೆ ಅದು. ಸನ್ನತಿಗೆ ಚಂದ್ರಲಾಂಬೆಯ ಭಕ್ತ ಕುಟುಂಬಗಳು ಬರುವುದರಿಂದ ಜೊತೆ ಸಿಗುತ್ತದೆ. ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪ ದೊರೆತಿದೆ. ಬಸ್ಸು ಕಡಿಮೆ ಇರುವ ಕಡೆ, ವಾಪಸಿನ ಹೊತ್ತು ಕೇಳಿಕೊಂಡೇ ಗುಡಿಯೊಳಗೆ ಹೋಗಿ. ಬೀದರಿನಲ್ಲಿ ಬಸ್ಸಿಗಿಂತ ಗುರುದ್ವಾರ ನಾನಕ್ ಝೀರಾದ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಬಡಿಸುವ ಪಂಕ್ತಿಯಲ್ಲಿ, ಪರಿಚಯ ಬೇಗ ಆಗುತ್ತದೆ. ತಲೆಗೆ ಬಟ್ಟೆ ಹಾಕಿ ಸಾಲಿನಲ್ಲಿ ಕೂತು, ರೊಟ್ಟಿಯನ್ನು ಎರಡೂ ಕೈಯೊಡ್ಡಿ ತೆಗೆದುಕೊಳ್ಳಬೇಕು. ಉಂಡ ಮೇಲೆ ರೊಟ್ಟಿ ಲಟ್ಟಿಸುವ ಹೆಂಗಸರ ಜೊತೆ ಸೇವೆಗೆ ಕೂತರೆ ಭಾಷೆ ಬಾರದಿದ್ದರೂ ನಡೆಯುತ್ತದೆ.

ದಿನ ಆರಿಸಿಕೊಳ್ಳಲು ಬರುವುದಾದರೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ. ಡಿಸೆಂಬರ್ ಅಥವಾ ಜನವರಿಯಲ್ಲಿ ಬರುತ್ತದೆ. ಆ ದಿನ ಪೇಟೆಯ ಅಂಗಡಿಗಳು ಅರ್ಧ ಮುಚ್ಚಿರುತ್ತವೆ, ಜನರೆಲ್ಲ ಹೊಲದಲ್ಲಿ. ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಅಂಬಲಿ ಕಟ್ಟಿಕೊಂಡು ಹೋಗಿ, ಚರಗ ಚೆಲ್ಲಿ, ಅಂದರೆ ಹೊಲಕ್ಕೆ ಎಡೆ ಚೆಲ್ಲಿ, ಉಣ್ಣುತ್ತಾರೆ, ದಾರಿಹೋಕರನ್ನೂ ಕರೆಯುತ್ತಾರೆ.

ಸೇವೆಯ ಕುಂದುಗಳೂ ಇವೆ. ಬೋರ್ಡುಗಳಲ್ಲಿ ಊರಿನ ಹೆಸರು ಬಹುಪಾಲು ಕನ್ನಡದಲ್ಲಿ ಮಾತ್ರ; ನಮಗೇನೂ ತೊಂದರೆಯಿಲ್ಲ, ಹೊರಗಿನ ಗೆಳತಿಗೆ ಊರಿನ ಹೆಸರನ್ನು ಕನ್ನಡದಲ್ಲಿ ಚೀಟಿಗೆ ಬರೆದು ಕೊಡಿ. ಶೌಚಾಲಯ ತಾಲೂಕು ನಿಲ್ದಾಣದಲ್ಲಷ್ಟೇ ನಂಬಬಹುದು, ಅಲ್ಲಿ ಇಳಿಯುವಾಗ ಕಂಡಕ್ಟರಿಗೆ ಹೇಳದೆ ಹೋದರೆ ಬಸ್ಸು ಕಾಯುವುದಿಲ್ಲ. ನಿಂತು ಪ್ರಯಾಣಿಸಲು ಆಗದ ಬೆನ್ನುನೋವು ಇದ್ದವರು ಇದರ ಗೋಜಿಗೆ ಬರಬಾರದು.

ಕೊನೆಗೆ ಫೋನ್ ನಂಬರಿನ ಮಾತು. ಬಸ್ಸಿನ ಗೆಳತಿ ಕೊಡುವ ನಂಬರು ಬಹಳ ಸಲ ಆಕೆಯದಲ್ಲ, ಮಗನದೋ ಮೈದುನನದೋ ಆಗಿರುತ್ತದೆ. ನೀವು ಮಿಸ್ ಕಾಲ್ ಕೊಟ್ಟರೆ ನಿಮ್ಮ ನಂಬರು ಸೇರುವುದು ಅವರಿಗೆ. ಕೇಳಿ ಫೋಟೊ ತೆಗೆಯಿರಿ, ತಾಲೂಕಿನ ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿ ಅಂಚೆಗೆ ಹಾಕಿ. ವಿಳಾಸದಲ್ಲಿ ಊರು, ತಾಲೂಕು, ಪಿನ್‌ಕೋಡ್ ಮೂರೂ ಬರೆಸಿಕೊಳ್ಳಿ, ಒಂದೇ ಹೆಸರಿನ ಊರುಗಳು ಈ ಕಡೆ ಬೇಕಾದಷ್ಟಿವೆ.