ಅಂತರಾ, ಮಾಲಾ, ಛಾಯಾ, ವಂಕಿ: ಏಳು ವರ್ಷಗಳ ಲೆಕ್ಕ

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿ. ಸಾಕ್ಷಿಯು ಕಟಕಟೆ ಹತ್ತಿದ ಮೇಲೆ ಮುಖ್ಯ ವಿಚಾರಣೆ, ಪಾಟೀಸವಾಲು ಎರಡೂ ಮುಗಿಯುವವರೆಗೆ ನಾನು ಕುರ್ಚಿ ಬಿಟ್ಟು ಏಳುವಂತಿಲ್ಲ. ಕೆಲವು ದಿನ ಅದು ಎರಡೂವರೆ ಗಂಟೆ ಹಿಡಿಯುತ್ತದೆ. ಇದನ್ನು ಮೊದಲೇ ಹೇಳಲು ಕಾರಣವಿದೆ. 2018ರಿಂದ ಈಚೆಗೆ ನಾನು ನಾಲ್ಕು ಬಗೆಯ ಗರ್ಭನಿರೋಧಕಗಳನ್ನು ಬಳಸಿ ನೋಡಿದ್ದೇನೆ. ಅವುಗಳ ಅಡ್ಡಪರಿಣಾಮಗಳಲ್ಲಿ ಯಾವುದು ಸಹಿಸಬಹುದಾದದ್ದು, ಯಾವುದು ಆಗದ್ದು ಎಂಬುದನ್ನು ತೀರ್ಮಾನಿಸುವಾಗ ಪೊಟ್ಟಣದೊಳಗಿನ ಚೀಟಿಗಿಂತ ಈ ಕುರ್ಚಿಯೇ ನನಗೆ ಹೆಚ್ಚು ನೆನಪಾಗುತ್ತಿತ್ತು. ನಾನು ವೈದ್ಯೆಯಲ್ಲ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ, ಸ್ರಾವವಾದ ಪ್ರತಿ ದಿನಕ್ಕೊಂದು ಕೆಂಪು ಚುಕ್ಕಿಯನ್ನು ಏಳು ವರ್ಷ ತಪ್ಪದೆ ಇಡುತ್ತ ಬಂದವಳು, ಅಷ್ಟೆ.

ಮೊದಲನೆಯದು ಅಂತರಾ ಚುಚ್ಚುಮದ್ದು. ಮಗಳು ಹುಟ್ಟಿದ್ದು 2018ರ ಜನವರಿಯಲ್ಲಿ. ಹೆರಿಗೆಯಾದ ಕೂಡಲೇ ವಂಕಿ, ಅಂದರೆ ಗರ್ಭಕೋಶದೊಳಗೆ ಕೂರಿಸುವ ಕಾಪರ್-ಟಿ, ಹಾಕಿಸಿಕೊಳ್ಳುವಿರಾ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಮನೆಯವರು ಯಾರೂ ಒಪ್ಪಲಿಲ್ಲ. ಹಾಲುಣಿಸುವ ತಾಯಿಗೆ ಮೊದಲ 6 ತಿಂಗಳು ಈಸ್ಟ್ರೋಜನ್ ಎಂಬ ಹಾರ್ಮೋನ್ ಇರುವ ಮಾತ್ರೆ ಕೊಡುವುದಿಲ್ಲವಾದ್ದರಿಂದ, ಆಗಷ್ಟೇ ಹಿಂದಿನ ವರ್ಷ ಸರ್ಕಾರಿ ಆಸ್ಪತ್ರೆಗಳಿಗೆ ಉಚಿತವಾಗಿ ಬಂದಿದ್ದ ಅಂತರಾ ನನಗೆ ಉಳಿದ ದಾರಿಯಾಗಿ ಕಂಡಿತು. ಅದರಲ್ಲಿರುವುದು 150 ಮಿಲಿಗ್ರಾಂ ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಹಾರ್ಮೋನ್. ಮೂರು ತಿಂಗಳಿಗೊಮ್ಮೆ ಒಂದು ಚುಚ್ಚುಮದ್ದು, ಚುಚ್ಚಿದ ಜಾಗವನ್ನು ಉಜ್ಜಬಾರದು, ಶಾಖ ಕೊಡಬಾರದು. ಮುಂದಿನ ದಿನಾಂಕವನ್ನು ಕಾರ್ಡಿನಲ್ಲಿ ಬರೆದುಕೊಟ್ಟ ಸಿಸ್ಟರ್, "ಮುಟ್ಟಿನಲ್ಲಿ ಸ್ವಲ್ಪ ಏರುಪೇರಾಗಬಹುದು, ಹೆದರಬೇಡಿ" ಎಂದರು.

ಆ "ಸ್ವಲ್ಪ"ದ ಅಳತೆ ನನಗೆ ತಿಳಿದದ್ದು ಏಪ್ರಿಲ್ ತಿಂಗಳಲ್ಲಿ. ಒಂದೇ ಸಮನೆ 23 ದಿನ ಚುಕ್ಕಿ ಬಿತ್ತು. ಹೆಚ್ಚು ಹೋಗುತ್ತಿರಲಿಲ್ಲ, ಆದರೆ ನಿಲ್ಲುತ್ತಲೂ ಇರಲಿಲ್ಲ, ಯಾವ ಹೊತ್ತಿಗೆ ಬರುತ್ತದೆಂಬ ಸುಳಿವೂ ಇರಲಿಲ್ಲ. ಹಾಲು ಹಾಕದ ದಿನಗಳಿಗೆ ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದ ನಮ್ಮ ಅತ್ತೆ ಒಂದು ದಿನ ಅದರ ಮುಂದೆ ನಿಂತು, "ಏನಮ್ಮಾ, ಈ ತಿಂಗಳು ಹಾಲಿನವನು ಇಷ್ಟೊಂದು ದಿನ ಬಂದೇ ಇಲ್ಲವೇ?" ಎಂದು ಕೇಳಿದರು. ನಾನು ಹೌದೆನ್ನಲಾರದೆ, ಇಲ್ಲವೆನ್ನಲಾರದೆ ನಿಂತೆ. ಎರಡನೆಯ ಚುಚ್ಚುಮದ್ದಿನ ನಂತರ ಚಿತ್ರ ತಿರುಗಿತು: ಮುಟ್ಟು ಪೂರ್ತಿ ನಿಂತಿತು. ಆಗ ಅತ್ತೆಯವರ ಚಿಂತೆ ಬೇರೆ ದಿಕ್ಕಿಗೆ ಹೊರಳಿ, ಕೆಟ್ಟ ರಕ್ತವೆಲ್ಲ ಒಳಗೇ ಗಟ್ಟಿಕಟ್ಟುತ್ತದೆ ಎಂಬ ಮಾತು ದಿನವೂ ಕೇಳಿಬರತೊಡಗಿತು. ಈ ಮದ್ದು ಗರ್ಭಕೋಶದ ಒಳಪದರವನ್ನೇ ಬೆಳೆಯಗೊಡುವುದಿಲ್ಲ, ಬೆಳೆಯದ ಪದರ ಕಳಚಿ ಹೊರಬರುವ ಪ್ರಶ್ನೆಯೇ ಇಲ್ಲ, ಒಳಗೆ ಉಳಿಯಲು ಅಲ್ಲಿ ಏನೂ ಇರುವುದಿಲ್ಲ ಎಂಬ ಇಷ್ಟು ವಿವರವನ್ನು ಯಾರಾದರೂ ಮೊದಲೇ ಹೇಳಿದ್ದರೆ ಅತ್ತೆಗೂ ನನಗೂ ಮೂರು ತಿಂಗಳ ಕಳವಳ ತಪ್ಪುತ್ತಿತ್ತು.

ತೂಕ 4 ಕಿಲೊ ಏರಿತು. ಬಾಣಂತನದ ತುಪ್ಪದ ಪಾಲು ಎಷ್ಟು, ಚುಚ್ಚುಮದ್ದಿನ ಪಾಲು ಎಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ಮೂಳೆಯ ಸಾಂದ್ರತೆ ಕುಗ್ಗುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2004ರಲ್ಲೇ ಈ ಮದ್ದಿನ ಮೇಲೆ ಕಡು ಎಚ್ಚರಿಕೆ ಹಾಕಿಸಿದ್ದರು. ಬಿಟ್ಟ ಮೇಲೆ ಆ ನಷ್ಟ ಬಹುಮಟ್ಟಿಗೆ ತುಂಬಿಬರುತ್ತದೆ ಎಂದು ವೈದ್ಯರು ವಿವರಿಸಿದರು. ನನ್ನನ್ನು ಕಾಡಿದ್ದು ಅದಲ್ಲ. ಒಮ್ಮೆ ಚುಚ್ಚಿಸಿಕೊಂಡ ಮೇಲೆ ಅದನ್ನು ಹಿಂದೆಗೆಯುವಂತಿಲ್ಲ ಎಂಬುದು. ಇಪ್ಪತ್ತೊಂದನೆಯ ಚುಕ್ಕಿ ಇಡುವ ದಿನ ನನಗೆ ಅದು ಬೇಡವೆನಿಸಿದರೂ ಮದ್ದು ತನ್ನ ಅವಧಿಯನ್ನು ಮುಗಿಸಿಯೇ ಹೋಗುತ್ತದೆ. ಸೆಪ್ಟೆಂಬರಿನ ಮೂರನೆಯ ಚುಚ್ಚುಮದ್ದಿಗೆ ಕೊನೆಮಾಡಿದೆ. ಮುಟ್ಟು ಮರಳಿದ್ದು 2019ರ ಜೂನ್‌ನಲ್ಲಿ. ಕೊನೆಯ ಚುಚ್ಚುಮದ್ದಿನಿಂದ ಗರ್ಭಧಾರಣೆಯ ಸಾಮರ್ಥ್ಯ ಮರಳಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆಂದು ಆಮೇಲೆ ತಿಳಿಯಿತು. ಬೇಗ ಇನ್ನೊಂದು ಮಗು ಬೇಕೆನ್ನುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಬಿಡುವ ಅಧಿಕಾರದ ವಿಚಾರದಲ್ಲಿ ಮಾಲಾ-ಎನ್ ಮಾತ್ರೆ ಅಂತರಾಕ್ಕೆ ನೇರ ಎದುರು. ಇವತ್ತು ರಾತ್ರಿ ಬೇಡವೆನಿಸಿದರೆ ಇವತ್ತು ರಾತ್ರಿಯೇ ಬಿಡಬಹುದು. 28 ಮಾತ್ರೆಗಳ ಹಾಳೆಯಲ್ಲಿ 21 ಹಾರ್ಮೋನಿನವು, 7 ಕಬ್ಬಿಣದವು. ಹಾರ್ಮೋನಿನ ಒಂದೊಂದರಲ್ಲೂ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರಲ್ ಮತ್ತು 0.03 ಮಿಲಿಗ್ರಾಂ ಈಥಿನೈಲ್ ಈಸ್ಟ್ರಡಯಾಲ್. ಕೊಡುವ ಮುನ್ನ ವೈದ್ಯರು ರಕ್ತದೊತ್ತಡ ನೋಡಿದರು, ಕಾಲಿನಲ್ಲಿ ಎಂದಾದರೂ ರಕ್ತ ಹೆಪ್ಪುಗಟ್ಟಿತ್ತೇ ಎಂದು ಕೇಳಿದರು, ತಲೆನೋವಿಗೆ ಮುನ್ನ ಕಣ್ಣ ಮುಂದೆ ಅಂಕುಡೊಂಕಾದ ಬೆಳಕು ಕುಣಿಯುತ್ತದೆಯೇ ಎಂದೂ ಕೇಳಿದರು. ಅಂಥ ಅರೆತಲೆನೋವಿನವರಿಗೆ ಈಸ್ಟ್ರೋಜನ್ ಕೊಟ್ಟರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆಯಂತೆ. ಔಷಧದಂಗಡಿಯ ಹುಡುಗ ಈ ಮೂರರಲ್ಲಿ ಒಂದನ್ನೂ ಕೇಳುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಮೊದಲ ಎರಡು ತಿಂಗಳು ವಾಕರಿಕೆ. ರಾತ್ರಿ ಊಟವಾದ ಮೇಲೆ ನುಂಗಲು ಶುರುಮಾಡಿದ ವಾರದಲ್ಲೇ ಅದು ಹೋಯಿತು. ಕುರ್ಚಿಯ ದೃಷ್ಟಿಯಿಂದ ನೋಡಿದರೆ ಮಾಲಾದಷ್ಟು ಸುಖವನ್ನು ಬೇರೆ ಯಾವುದೂ ಕೊಡಲಿಲ್ಲ: ಐದು ಚುಕ್ಕಿಗಳು ಮೂರಾದವು, ಕಿಬ್ಬೊಟ್ಟೆಯ ನೋವು ಇಲ್ಲವೆನ್ನುವಷ್ಟು ಕಡಿಮೆಯಾಯಿತು, ಮತ್ತು ಬರುವ ದಿನ ಪಂಚಾಂಗದಲ್ಲಿ ಅಚ್ಚಾದಷ್ಟು ಖಚಿತವಾಯಿತು. ನಾದಿನಿಯ ಗೃಹಪ್ರವೇಶದ ತಿಂಗಳಲ್ಲಿ ಕಬ್ಬಿಣದ ಏಳನ್ನು ಬಿಟ್ಟು ನೇರವಾಗಿ ಹೊಸ ಹಾಳೆಗೆ ಹೋಗಿ ಮುಟ್ಟನ್ನೇ ಮುಂದೂಡಿದೆ. ನಮ್ಮಲ್ಲಿ ಹಬ್ಬ, ಮದುವೆ, ದೇವಸ್ಥಾನವೆಂದ ಕೂಡಲೇ ಹೆಂಗಸರು ನಾರೆಥಿಸ್ಟೆರೋನ್ 5 ಮಿಲಿಗ್ರಾಂ ಮಾತ್ರೆಯನ್ನು ಅಂಗಡಿಯಿಂದ ತಂದು ದಿನಕ್ಕೆ ಮೂರರಂತೆ ನುಂಗುವುದುಂಟು. ವರ್ಷಗಟ್ಟಲೆ ಮಾಲಾ ನುಂಗಲು ಹೆದರುವ ಎಷ್ಟೋ ಜನ, ಅದಕ್ಕಿಂತ ಹೆಚ್ಚಿನ ಪ್ರಮಾಣದ ಹಾರ್ಮೋನನ್ನು ವರಮಹಾಲಕ್ಷ್ಮಿ ವ್ರತಕ್ಕಾಗಿ ನಿಶ್ಚಿಂತೆಯಿಂದ ನುಂಗುವುದನ್ನು ಕಂಡು ನನಗೆ ನಗು ಬರುತ್ತದೆ. ಅದು ಗರ್ಭವನ್ನು ತಡೆಯುವ ಮಾತ್ರೆಯೂ ಅಲ್ಲ.

ಆದರೆ ಮಾಲಾ ತೆಗೆದುಕೊಂಡ ಬೆಲೆ ಬೇರೆಯದು. ಆರನೆಯ ತಿಂಗಳಿಗೆ ಎರಡೂ ಕೆನ್ನೆಯ ಮೇಲೆ ಬಂಗು ಮೂಡಿತು. ಬಸುರಿಯಾಗಿದ್ದಾಗ ಬಂದು ಮಾಸಿದ್ದ ಅದೇ ಜಾಗ, ಅದೇ ಆಕಾರ. ಬಿಸಿಲಿಗೆ ಹೋದಷ್ಟೂ ಕಪ್ಪಾಗುತ್ತಿತ್ತು. ಅದಕ್ಕಿಂತ ಹೇಳಲು ಕಷ್ಟವಾದದ್ದು ಮನಸ್ಸಿನ ಮಾತು. ಮಗಳು ಅನ್ನ ಚೆಲ್ಲಿದಳೆಂದು ನಾನು ಅತ್ತದ್ದುಂಟು. ಗಂಡನ ಕಡೆಗಿನ ಆಸೆ ಒಲೆಯ ಬೂದಿಯಂತೆ ತಣ್ಣಗಾಗಿತ್ತು, ಮತ್ತು ಅದನ್ನು ಮಾತ್ರೆಯೊಂದಿಗೆ ಜೋಡಿಸಿ ನೋಡಬೇಕೆಂದು ಒಂದು ವರ್ಷದವರೆಗೆ ನನಗೆ ಹೊಳೆಯಲೇ ಇಲ್ಲ. ಡೆನ್ಮಾರ್ಕಿನಲ್ಲಿ 10 ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವು, ಹಾರ್ಮೋನ್ ಗರ್ಭನಿರೋಧಕ ಬಳಸುವವರಲ್ಲಿ ಖಿನ್ನತೆಯ ಔಷಧ ಶುರುಮಾಡಿದವರ ಪ್ರಮಾಣ ಹೆಚ್ಚೆಂದು ಕಂಡುಕೊಂಡಿತು. ಒಂದು ಇನ್ನೊಂದಕ್ಕೆ ಕಾರಣವೆಂದು ಅದರಿಂದ ಸಿದ್ಧವಾಗುವುದಿಲ್ಲ. ನನ್ನ ಮಟ್ಟಿಗಿರುವುದು ಇಷ್ಟೇ ಸಾಕ್ಷ್ಯ: 2021ರ ಜನವರಿಯಲ್ಲಿ ಎರಡನೆಯ ಮಗುವಿಗಾಗಿ ಮಾತ್ರೆ ಬಿಟ್ಟೆ, ಆರು ವಾರದೊಳಗೆ ಅಳು ನಿಂತಿತು, ಮಾರ್ಚಿನಲ್ಲಿ ಬಸುರಿಯಾದೆ. ಅಂತರಾದ ಒಂಬತ್ತು ತಿಂಗಳ ಕಾಯುವಿಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಬಂಗು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ಮಗ ಹುಟ್ಟಿದ ಮೇಲೆ ಛಾಯಾ ಮಾತ್ರೆ. ಇದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಸೆಂಟ್‌ಕ್ರೋಮನ್. ಅಂಗಡಿಗಳಲ್ಲಿ ಸಹೇಲಿ ಎಂಬ ಹೆಸರಿನಲ್ಲಿ ಬಹಳ ಹಿಂದಿನಿಂದ ಇದ್ದದ್ದೇ. ಇದರಲ್ಲಿ ಈಸ್ಟ್ರೋಜನ್ನೂ ಇಲ್ಲ, ಪ್ರೊಜೆಸ್ಟರಾನೂ ಇಲ್ಲ, ಹಾಲುಣಿಸುವವರಿಗೂ ಆಗುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ನನಗೆ ಮುಟ್ಟಾದದ್ದು ಗುರುವಾರವಾದ್ದರಿಂದ ಗುರುವಾರ, ಭಾನುವಾರ ಎಂದು ನಿಗದಿಯಾಯಿತು; ರಾಯರ ವಾರವೆಂದು ನೆನಪಿಡುವುದೂ ಸುಲಭ. ವಾಕರಿಕೆಯಿಲ್ಲ, ಬಂಗು ಕಪ್ಪಾಗಲಿಲ್ಲ, ಮನಸ್ಸು ನನ್ನದಾಗಿಯೇ ಉಳಿಯಿತು. ಅಡ್ಡಪರಿಣಾಮಗಳ ಪಟ್ಟಿಯನ್ನಷ್ಟೇ ನೋಡುವವರು ಛಾಯಾಕ್ಕೆ ಮೊದಲ ಸ್ಥಾನ ಕೊಟ್ಟುಬಿಡುತ್ತಾರೆ.

ನಾನು ಕೊಡಲಾರೆ. ಮುಟ್ಟು ಮುಂದೆ ಹೋಗುವುದು ಈ ಮಾತ್ರೆಯ ಸ್ವಭಾವ, ಮತ್ತು ಅದು ನನ್ನಲ್ಲಿ 45 ದಿನಕ್ಕೆ, ಒಮ್ಮೆ 58 ದಿನಕ್ಕೆ ಹೋಯಿತು. ಪ್ರತಿ ಸಲವೂ ಬೆಳಗಿನ ಐದು ಗಂಟೆಗೆ, ಮನೆಯಲ್ಲಿ ಯಾರೂ ಏಳುವ ಮುನ್ನ, ಬಚ್ಚಲುಮನೆಯ ದೀಪದ ಕೆಳಗೆ ಪರೀಕ್ಷೆಯ ಪಟ್ಟಿಯನ್ನು ಹಿಡಿದು ಎರಡನೆಯ ಗೆರೆ ಮೂಡದಿರಲಿ ಎಂದು ಕಾಯುವ ಆ ಐದು ನಿಮಿಷ ಯಾವ ಚೀಟಿಯಲ್ಲೂ ಅಡ್ಡಪರಿಣಾಮವೆಂದು ಅಚ್ಚಾಗಿಲ್ಲ. ದಿನವೂ ನುಂಗುವ ಮಾತ್ರೆ ಅಭ್ಯಾಸವಾಗುತ್ತದೆ; ವಾರಕ್ಕೊಂದು ಎಂಬುದನ್ನೇ ಮರೆಯುವುದು ಸುಲಭ. ಏಳು ದಿನ ಮೀರಿ ಮರೆತರೆ ಮತ್ತೆ ವಾರಕ್ಕೆರಡರಿಂದ ಶುರುಮಾಡಬೇಕು. ಎರಡು ವರ್ಷದಲ್ಲಿ ನನಗೆ ಹಾಗೆ ಎರಡು ಸಲ ಆಯಿತು. ಅಂಡಾಶಯದಲ್ಲಿ ನೀರುಗುಳ್ಳೆ ಇರುವವರಿಗೂ, ಇತ್ತೀಚೆಗೆ ಕಾಮಾಲೆಯಾದವರಿಗೂ ಇದನ್ನು ಕೊಡುವುದಿಲ್ಲ.

ಕೊನೆಗೆ, ಆರು ವರ್ಷದ ಹಿಂದೆ ಬೇಡವೆಂದಿದ್ದ ವಂಕಿಗೇ ಬಂದೆ. 1930ರಷ್ಟು ಹಿಂದೆಯೇ ಸರ್ಕಾರಿ ಜನನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದ ಮೈಸೂರು ಸೀಮೆ ನಮ್ಮದು. ಆದರೂ ವಂಕಿಯೆಂದರೆ ಮನೆಮನೆಯಲ್ಲೂ ಭಯವಿದೆ. ಅದಕ್ಕೆ ಕಾರಣ ಹಳೆಯದು. 1965ರಲ್ಲಿ ದೇಶಕ್ಕೆ ವಂಕಿಯ ಹಳೆಯ ರೂಪವಾದ ಲೂಪ್ ಬಂದಾಗ, ರಕ್ತ ಹೆಚ್ಚು ಹೋಗುತ್ತದೆಂದ ಹೆಂಗಸರ ಮಾತಿಗೆ ಕಿವಿಗೊಡುವವರು ಕಡಿಮೆಯಿದ್ದರು, ಆ ನೆನಪು ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದಿದೆ. ಈಗಿನ ಕಾಪರ್-ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ, ಹಾರ್ಮೋನ್ ಇಲ್ಲವೇ ಇಲ್ಲ, ತಾಮ್ರವೇ ವೀರ್ಯಾಣುವಿಗೆ ವಿಷ. ಸಾಮಾನ್ಯ ಬಳಕೆಯಲ್ಲಿ ಮೊದಲ ವರ್ಷ ಮಾತ್ರೆ ನುಂಗುವ 100 ಹೆಂಗಸರಲ್ಲಿ ಸುಮಾರು 7 ಮಂದಿ, ಚುಚ್ಚುಮದ್ದಿನವರಲ್ಲಿ 4 ಮಂದಿ ಬಸುರಿಯಾಗುತ್ತಾರೆ. ವಂಕಿಯವರಲ್ಲಿ ಒಬ್ಬರಿಗಿಂತ ಕಡಿಮೆ.

ಹಾಕುವಾಗ ನೋವಾಯಿತು. "ಏನೂ ಆಗುವುದಿಲ್ಲ" ಎನ್ನುವವರನ್ನು ನಂಬಬೇಡಿ. ಎರಡು ನಿಮಿಷ, ಆದರೆ ಹೆರಿಗೆ ನೋವಿನ ಸಣ್ಣ ತಂಗಿಯಂಥ ನೋವು. ಮೊದಲ ನಾಲ್ಕು ತಿಂಗಳು ಮುಟ್ಟು ಎಂಟು ದಿನ ಹೋಯಿತು, ಎರಡನೆಯ ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತಿತ್ತು. ಹಿಮೋಗ್ಲೋಬಿನ್ 11.8ರಿಂದ 10.2ಕ್ಕೆ ಇಳಿದು ಕಬ್ಬಿಣದ ಮಾತ್ರೆ ಹಿಡಿಯಬೇಕಾಯಿತು. ಆ ದಿನಗಳಲ್ಲಿ ಕುರ್ಚಿಯ ಮೇಲೆ ದಪ್ಪನೆಯ ಟವೆಲನ್ನು ಮಡಚಿ ಹಾಕಿ, ಕಪ್ಪು ಸೀರೆಯುಟ್ಟು ಕೂತಿದ್ದೇನೆ. ಹಾಗಿದ್ದೂ ತೆಗೆಸಲಿಲ್ಲ. ಈ ಸಲ ವಂಕಿ ಹಾಕಿದ ವೈದ್ಯೆ ಕೂತು ಮಾತಾಡಿ, ಮೂರರಿಂದ ಆರು ತಿಂಗಳು ಹೆಚ್ಚು ಹೋಗುತ್ತದೆ, ಆಮೇಲೆ ತಗ್ಗುತ್ತದೆ, ತಗ್ಗದಿದ್ದರೆ ಬನ್ನಿ, ಯಾವ ದಿನ ಬಂದು ತೆಗೆಯಿರಿ ಎಂದರೂ ತೆಗೆಯುತ್ತೇನೆ ಎಂದು ಹೇಳಿ ಕಳಿಸಿದ್ದರು. ಅಂತರಾದ 23 ಚುಕ್ಕಿಗಳಿಗಿಂತ ವಂಕಿಯ ಎಂಟು ಚುಕ್ಕಿಗಳಲ್ಲಿ ಹೋದ ರಕ್ತ ಎಷ್ಟೋ ಹೆಚ್ಚು. ಭಯ ಮಾತ್ರ ಎಷ್ಟೋ ಕಡಿಮೆಯಿತ್ತು. ಸ್ರಾವ ತಗ್ಗಿಸಲು ಹಾರ್ಮೋನ್ ಇರುವ ವಂಕಿಯೂ ಒಂದುಂಟು, 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರಲ್ ತುಂಬಿದ್ದು. ಖಾಸಗಿಯಲ್ಲಿ ಸಾವಿರಗಟ್ಟಲೆ ಬೆಲೆ. ಮಾಲಾದ ನೆನಪಿನಿಂದ ನಾನು ಅದರ ತಂಟೆಗೆ ಹೋಗಲಿಲ್ಲ. ಈಗ ನನ್ನ ಕ್ಯಾಲೆಂಡರಿನಲ್ಲಿ ತಿಂಗಳಿಗೆ ಆರು ಚುಕ್ಕಿ.

ಕಳೆದ ವರ್ಷ ನನ್ನ ಓರಗಿತ್ತಿ, "ಅಕ್ಕಾ, ನೀವು ನಾಲ್ಕೂ ನೋಡಿದ್ದೀರಿ, ಯಾವುದು ಒಳ್ಳೆಯದು?" ಎಂದು ಕೇಳಿದಳು. ಅವಳು ಮದುವೆಗೆ ಮುಂಚಿನಿಂದ ಫಿಟ್ಸ್‌ಗೆ ಕಾರ್ಬಮಾಜೆಪಿನ್ ತೆಗೆದುಕೊಳ್ಳುತ್ತಾಳೆ. ಆ ಔಷಧ ಯಕೃತ್ತಿನಲ್ಲಿ ಮಾಲಾದ ಹಾರ್ಮೋನುಗಳನ್ನು ಬೇಗ ಕರಗಿಸಿಬಿಡುವುದರಿಂದ ಮಾತ್ರೆಯ ಬಲ ಕುಂದುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೂಡ ಹೀಗೆಯೇ. ರಕ್ತ ಮೊದಲೇ ಕಡಿಮೆಯಿರುವ ಅವಳಿಗೆ ತಾಮ್ರದ ವಂಕಿಯನ್ನು ವೈದ್ಯೆ ಸದ್ಯಕ್ಕೆ ಬೇಡವೆಂದರು. ಮೂರನೆಯ ಮಗು ಅವಳಿಗೆ ಬೇಕಿರಲಿಲ್ಲ, ಆಪರೇಷನ್ನಿಗೆ ಮನಸ್ಸಿರಲಿಲ್ಲ, ಕೆಲಸ ಮನೆಯ ಹಿಂದಿನ ತೋಟದಲ್ಲೇ. ಅವಳಿಗೆ ಸರಿಹೋದದ್ದು ನಾನು ಕೈಬಿಟ್ಟ ಅಂತರಾ. ಮೊದಲ ಚುಚ್ಚುಮದ್ದಿಗೆ ನಾನೇ ಜೊತೆಗೆ ಹೋದೆ. ಹೋಗುವ ಮುನ್ನ ನನ್ನ 2018ರ ಕ್ಯಾಲೆಂಡರನ್ನು ಅಟ್ಟದಿಂದ ಇಳಿಸಿ, ಏಪ್ರಿಲ್ ಹಾಳೆಯನ್ನು ಅವಳ ಮುಂದೆ ಹರಡಿ ತೋರಿಸಿದೆ. ಅವಳಿಗೆ 14 ದಿನ ಹೋಗಿ ನಿಂತಿತು. ಆಮೇಲೆ ಐದು ತಿಂಗಳಿಂದ ಒಂದು ಚುಕ್ಕಿಯೂ ಇಲ್ಲ. "ತಿಂಗಳ ರಜೆಗೇ ರಜೆ ಸಿಕ್ಕಿತಲ್ಲ ಅಕ್ಕಾ" ಎಂದು ಮೊನ್ನೆ ಕಾಯಿ ಸುಲಿಯುತ್ತ ನಕ್ಕಳು.